ದಾದಿಯ ಹೆಸರು ಚಿಲೊಂಬೊ

ಟೊರೊಂಟೊ
೪ ನವೆಂಬರ್ ೨೦೨೫, ಮಂಗಳವಾರ

ಪ್ರೀತಿಯ ಅಮ್ಮನಿಗೆ,

ಫೋನಿನಲ್ಲಿ ಈ ಮಾತು ತೆಗೆದರೆ ನೀನು ಹಿಮದ ಸುದ್ದಿಗೆ ತಿರುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ತಾತ ಅಂಗೋಲಾದ ಮಿಷನ್ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದಾಗಿನ ಫೋಟೊಗಳನ್ನು ನೀನು ನಮ್ಮ ಚರ್ಚಿನ ದಾಖಲೆ ವಿಭಾಗಕ್ಕೆ ಕೊಟ್ಟೆ. ನೀನು ಬದುಕಿರುವವರೆಗೆ ಯಾರೂ ತೆರೆಯಬಾರದೆಂದು ಷರತ್ತು ಹಾಕಿದೆ. ಅಲ್ಲೇ ಕೆಲಸ ಮಾಡುವ ನಾನೂ ಪೆಟ್ಟಿಗೆ ಮುಟ್ಟಿಲ್ಲ. ಆದರೆ ಅದರ ವಿವರಪಟ್ಟಿ ಎಲ್ಲರಿಗೂ ಕಾಣುತ್ತದೆ. ಅದರಲ್ಲಿ ನಿನ್ನ ಫೋಟೊದ ಬಗ್ಗೆ ಒಂದು ಸಾಲು: ‘ಡಾಕ್ಟರರ ಮಗಳು ವಿನಿಫ್ರೆಡ್, ದಾದಿ ಲಿಡಿಯಾಳ ಮಡಿಲಲ್ಲಿ.’

ಆ ಸಾಲನ್ನು ಹಿಡಿದು ನಿನ್ನೆ ಎಲಿಸೆಯು ಸಪಾಲೊ ಎಂಬ ವೃದ್ಧರು ಬಂದರು. ನಿನ್ನದೇ ವಯಸ್ಸು. ಮೊಮ್ಮಗಳನ್ನು ನೋಡಲು ಅಂಗೋಲಾದಿಂದ ಬಂದವರು, ಶುಕ್ರವಾರ ಹಿಂದಿರುಗುತ್ತಾರೆ. ಲಿಡಿಯಾ ಅವರ ತಾಯಿ. ಅದು ಮಿಷನ್ನಿನವರು ಇಟ್ಟ ಹೆಸರು. ನಿಜವಾದ ಹೆಸರು ಚಿಲೊಂಬೊ. ಹಾಲೂಡಿಸುವ ದಾದಿಯ ಸ್ವಂತ ಕೂಸನ್ನು ಡಾಕ್ಟರರ ಬಂಗಲೆಗೆ ಸೇರಿಸುವ ಪದ್ಧತಿ ಇರಲಿಲ್ಲವಂತೆ. ಕೂಸನ್ನು ಅಜ್ಜಿಯ ಹಳ್ಳಿಗೆ ಕಳಿಸಿ, ತಾಯಿಯನ್ನು ನಿನಗಾಗಿ ಉಳಿಸಿಕೊಂಡರು. ಆ ಕೂಸೇ ಎಲಿಸೆಯು; ಜೋಳದ ಗಂಜಿ ಕುಡಿದು ಬೆಳೆದರು. ಮರುವರ್ಷ ತಾಯಿ ಜ್ವರದಿಂದ ತೀರಿಕೊಂಡಳು. ಅವಳ ಮುಖ ಹೇಗಿತ್ತೆಂದು ಮಗನಿಗೆ ಗೊತ್ತಿಲ್ಲ.

ಷರತ್ತಿನ ವಿಷಯ ಹೇಳಿದೆ. ಅವರು ನಕ್ಕರು.

“ಕೊಟ್ಟವರು ಸಾಯೋವರೆಗೂ ಕಾಯ್ಬೇಕು ಅಂತೀಯೇನಮ್ಮಾ? ನನ್ನ ವಯಸ್ಸಿಗೆ ಅದು ಕಷ್ಟದ ಪೈಪೋಟಿ. ಅಲ್ಲದೆ ಇನ್ನೊಬ್ಬರ ಸಾವಿಗೆ ಪ್ರಾರ್ಥನೆ ಮಾಡೋದನ್ನ ನಿಮ್ಮ ಮಿಷನ್ನಿನೋರು ನಮಗೆ ಕಲಿಸ್ಲಿಲ್ಲ.”

ಕೊಟ್ಟವಳು ನನ್ನ ತಾಯಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ನೀನು ಏಕೆ ಮುಚ್ಚಿಸಿದೆ ಎಂಬುದು ಗೊತ್ತು. ಒಮ್ಮೆ ನೀನೇ ಹೇಳಿದ್ದೆ: “ನಾನು ಅವಳ ಹಾಲು ಕುಡೀತಿರೋ ಫೋಟೊ ಕಣೇ ಅದು. ಅವಳ ಮಗು ಎಲ್ಲಿ ಅಂತ ಯಾರಾದ್ರೂ ಕೇಳಿದ್ರೆ ಏನು ಹೇಳ್ಲಿ?” ಈಗ ಯಾರೂ ಕೇಳಬೇಕಾಗಿಲ್ಲ ಅಮ್ಮ. ಆ ಮಗು ಇವತ್ತೂ ಬಂದು, ಕೋಟು ಕೂಡ ಬಿಚ್ಚದೆ, ನಮ್ಮ ಓದುವ ಕೋಣೆಯಲ್ಲಿ ಕುಳಿತಿದೆ.

ಒಪ್ಪಿಗೆಯ ಹಾಳೆ ಇದರ ಜೊತೆಗಿದೆ. ಸಹಿ ಹಾಕಿ ಕೊರಿಯರ್‌ನವನ ಕೈಯಲ್ಲೇ ವಾಪಸು ಕೊಡು. ಆಗದಿದ್ದರೆ ಆಗದು ಎಂದೇ ಬರೆ. ಅದನ್ನು ಅವರಿಗೆ ನಾನೇ ತಿಳಿಸುತ್ತೇನೆ, ನಾನು ಯಾರ ಮಗಳು ಎಂಬುದನ್ನೂ.

ಉತ್ತರಕ್ಕೆ ಕಾದಿರುವ,
ಹೆಸ್ಟರ್

ತಾ.ಕ.: ಒಂದು ಮಾತು ಬರೆಯುವುದೋ ಬೇಡವೋ ಎಂದು ಅನುಮಾನಿಸಿದೆ. ನಿನ್ನೆ ಹೊರಡುವಾಗ ಅವರು ಬಾಗಿಲಲ್ಲಿ ನಿಂತು, “ಆ ಡಾಕ್ಟರ ಕೂಸು ಉಳೀತಾ?” ಎಂದು ಕೇಳಿದರು. ಉಳಿಯಿತು, ಈಗಲೂ ಇದ್ದಾರೆ ಎಂದೆ. “ಸದ್ಯ,” ಎಂದರು. “ಅಮ್ಮನ ಹಾಲು ದಂಡ ಆಗ್ಲಿಲ್ಲ.”