ಸೊರ್ಚಾಳ ಕಲ್ಲು, ನೋನಿ ಅತ್ತೆಯ ಕೂಸು

ಡ್ರಿಮೀನ್, ಮೇಯೋ
೧೭ ಅಕ್ಟೋಬರ್ ೨೦೦೪

ಪ್ರೀತಿಯ ಡೀಲಿಯಕ್ಕ,

ಲೀಡ್ಸಿನ ಚಳಿಗೆ ನಿನ್ನ ಮಂಡಿನೋವು ಹೇಗಿದೆ? ಈ ಸುದ್ದಿಯನ್ನು ಫೋನಿನಲ್ಲೇ ಹೇಳಬಹುದಿತ್ತು. ಎರಡು ಸಲ ಮಾಡಿದೆ; ನಿನ್ನ ದನಿ ಕೇಳಿದೊಡನೆ ಗಾಳಿ, ಮೋಡ ಎಂದು ಏನೇನೋ ಮಾತಾಡಿ ಇಟ್ಟುಬಿಟ್ಟೆ.

ನನ್ನ ಕ್ಷಾಮದ ಕಾದಂಬರಿ ಓದಿ ಬಸ್ಸಿನಲ್ಲೇ ಅತ್ತುಬಿಟ್ಟೆ ಎಂದು ಬರೆದಿದ್ದೆಯಲ್ಲ. ನೂರೈವತ್ತು ವರ್ಷಗಳ ಹಿಂದೆ ಆಲೂಗಡ್ಡೆ ಬೆಳೆ ಕೊಳೆತ ವರ್ಷ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಗಂಜಿ ಹುಡುಕುತ್ತ ನಡೆದು, ನಮ್ಮೂರ ಹಾದಿಬದಿಯಲ್ಲಿ ಪ್ರಾಣ ಬಿಟ್ಟ ಆ ಸೊರ್ಚಾಳನ್ನು ನಾನು ಅಡುಗೆಮನೆಯ ಮೇಜಿನ ಮೇಲೆ ಹುಟ್ಟಿಸಿದ್ದು, ಅಲ್ಲೇ ಕೊಂದದ್ದು. ಹಾಗೆ ಸತ್ತವರು ಲೆಕ್ಕವಿಲ್ಲದಷ್ಟು ಮಂದಿ, ಅದು ನಿಜ. ಆದರೆ ಸೊರ್ಚಾ ಎಂಬವಳು ಇರಲಿಲ್ಲ. ಓದುಗರು ಇದನ್ನು ಒಪ್ಪುವುದೇ ಇಲ್ಲ. ಮೊದಮೊದಲು ಒಬ್ಬಿಬ್ಬರು ಬಂದು ಅವಳು ಬಿದ್ದ ಜಾಗ ಯಾವುದೆಂದು ಕೇಳಿದರು. ಆಮೇಲೆ ಪಬ್ಬಿನ ಮಲಾಕಿ ಹಳೆಯ ರಸ್ತೆಯ ತಿರುವಿನಲ್ಲಿ ಅವಳ ಹೆಸರು ಕೆತ್ತಿಸಿ ಕಲ್ಲು ನಿಲ್ಲಿಸಿದ. ಈಗ ಬಸ್ಸುಗಟ್ಟಲೆ ಬರುತ್ತಾರೆ. ಹೂವು, ಗೊಂಬೆ, ಮಕ್ಕಳ ಬೂಟು ಇಟ್ಟು ಅಳುತ್ತಾರೆ. ಅತ್ತು ಮುಗಿಸಿ ಮಲಾಕಿಯ ಪಬ್ಬಿನಲ್ಲಿ ಬಿಸಿ ಸೂಪು ಕುಡಿಯುತ್ತಾರೆ. ಅದರಿಂದ ಊರಿನವರಿಗೆ ಕೆಲಸ ಸಿಕ್ಕಿದೆ, ಮುಚ್ಚಬೇಕಿದ್ದ ಶಾಲೆ ಉಳಿದಿದೆ. ಬೇಡವೆಂದು ಹೇಗೆ ಹೇಳಲಿ?

ಈ ವಸಂತದಲ್ಲಿ ಮಲಾಕಿಯ ಮುಂದಾಳತ್ವದ ಊರ ಸಮಿತಿ ಬಸ್ಸು ನಿಲ್ಲಿಸಲು ಕಲ್ಲಿನ ಎದುರಿನ ಹೊಲವನ್ನು ಸಮ ಮಾಡಿ ಡಾಂಬರು ಹಾಕುವುದೆಂದು ನಿಶ್ಚಯಿಸಿತು. ಅದೇ, ಒಂಟಿ ಮುಳ್ಳುಮರ ಇರುವ ಹೊಲ. ಮರುದಿನ ಬೆಳಿಗ್ಗೆ ಪಕ್ಕದ ಮನೆಯ ನೋನಿ ಅತ್ತೆ ಬಂದರು. ಚಹಾ ಕೊಟ್ಟರೆ ಮುಟ್ಟಲಿಲ್ಲ.

“ಯೂನಾ, ಆ ಹೊಲದಲ್ಲಿ ನನ್ನ ಮೊದಲನೇ ಕೂಸಿದೆ ಕಣೆ,” ಎಂದರು. “ಹುಟ್ಟಿದಾಗ್ಲೇ ಉಸಿರಿರಲಿಲ್ಲ. ಜ್ಞಾನಸ್ನಾನ ಆಗದ ಕೂಸಿಗೆ ಚರ್ಚಿನ ನೆಲದಲ್ಲಿ ಜಾಗ ಇಲ್ಲ ಅಂದ್ರು ಆಗಿನ ಪಾದ್ರಿ. ಅಂಥ ಕೂಸುಗಳನ್ನೆಲ್ಲ ಕದ್ದುಮುಚ್ಚಿ ಆ ಹೊಲದಲ್ಲೇ ಹೂಳ್ತಿದ್ರು. ನನ್ನ ಗಂಡ ಫೆಸ್ಟಸ್ ಚಹಾಪುಡಿ ಪೆಟ್ಟಿಗೇಲಿ ಇಟ್ಕೊಂಡು ಹೋದ. ನಂಗೆ ಮುಖಾನೂ ತೋರಿಸ್ಲಿಲ್ಲ. ಎಲ್ಲಿ ಅಂದ್ರೆ, ‘ಮುಳ್ಳುಮರದ ಹತ್ರ, ಇನ್ನು ಕೇಳ್ಬೇಡ’ ಅಂದ. ಸಾಯೋವರೆಗೂ ಅಷ್ಟೇ ಅಂದಿದ್ದು.”

ಗಂಡೋ ಹೆಣ್ಣೋ ಎಂದು ಕೇಳಿದೆ. ಅದನ್ನೂ ಯಾರೂ ಹೇಳಲಿಲ್ಲವಂತೆ.

“ಇಲ್ಲದ ಹುಡುಗೀನ ಇದ್ದಳು ಅಂತ ಲೋಕಾನೇ ನಂಬಿಸ್ದೆ. ಇದ್ದ ಕೂಸನ್ನ ಇದೆ ಅಂತ ನಂಬಿಸೋಕಾಗಲ್ವಾ? ಆದ್ರೆ ನನ್ನ ಹೆಸರು ಮಾತ್ರ ಎತ್ತಬೇಡ. ನನ್ನ ಮಕ್ಕಳಿಗೇ ಗೊತ್ತಿಲ್ಲ.”

ನಾನು ಅಲೆಯದ ಜಾಗವಿಲ್ಲ ಅಕ್ಕ. ಈಗಿನ ಪಾದ್ರಿ ಒಳ್ಳೆಯವರು. ಕಣ್ಣಲ್ಲಿ ನೀರು ತಂದುಕೊಂಡರು, ಆದರೆ ಚರ್ಚಿನ ದಾಖಲೆಯಲ್ಲೂ ಏನೂ ಇರಲಿಲ್ಲ. ಯಾವ ನಕ್ಷೆಯಲ್ಲೂ ಆ ಹೊಲಕ್ಕೆ ಗುರುತಿಲ್ಲ. ಬಚ್ಚಿಡಲೆಂದೇ ಹೂತದ್ದನ್ನು ಯಾರು ಬರೆದಿಡುತ್ತಾರೆ?

ಕೊನೆಗೆ ಊರ ಸಭೆಯಲ್ಲಿ ಎದ್ದು ನಿಂತೆ. ಸೊರ್ಚಾ ನನ್ನ ಕಲ್ಪನೆ, ಅವಳಿಗಾಗಿ ಆ ಹೊಲ ಅಗೆಯಬೇಡಿ ಎಂದೆ.

“ಅಯ್ಯೋ ಮೆಲ್ಲಗೆ ಹೇಳಕ್ಕ,” ಎಂದ ಮಲಾಕಿ, “ಬಸ್ಸಿನವರು ಕೇಳಿಸ್ಕೊಂಡಾರು!”

ಎಲ್ಲರೂ ನಕ್ಕರು. ಆ ಹೊಲದಲ್ಲಿ ಕೂಸುಗಳನ್ನು ಹೂತಿದ್ದಾರೆ ಎಂದಾಗ ಮಾತ್ರ ನಗು ನಿಂತಿತು. ಹಿರಿಯರು ನೆಲ ನೋಡಿದರು. ಅವರಿಗೆ ಗೊತ್ತಿತ್ತು, ಡೀಲಿಯಾ. ಅರ್ಧದಷ್ಟು ಮಂದಿಗಾದರೂ ಗೊತ್ತಿತ್ತು.

“ಯಾರ ಕೂಸು? ಒಂದು ಹೆಸರು ಹೇಳು, ಈಗಲೇ ಕೆಲಸ ನಿಲ್ಲಿಸ್ತೀನಿ,” ಎಂದ ಮಲಾಕಿ. ಕೆಟ್ಟವನಲ್ಲ ಅವನು, ನಿಲ್ಲಿಸಿಯೂ ಬಿಡುತ್ತಿದ್ದ.

ನೋನಿ ಅತ್ತೆ ಮುಂದೆಯೇ ಕೂತಿದ್ದರು, ಪಕ್ಕದಲ್ಲಿ ಮಗ, ಸೊಸೆ. ಕೈಚೀಲವನ್ನು ಎದೆಗೆ ಅವುಚಿಕೊಂಡು ನನ್ನನ್ನೇ ನೋಡುತ್ತ, ಬೇಡವೆಂದು ಸಣ್ಣಗೆ ತಲೆಯಾಡಿಸಿದರು. ಜೀವಮಾನವೆಲ್ಲ ಮಾತು ಮಾರಿ ಬದುಕಿದವಳು ನಾನು; ಬಾಯಿ ಮುಚ್ಚಿ ಕೂತುಬಿಟ್ಟೆ.

ಮನೆಗೆ ಜೊತೆಯಲ್ಲೇ ನಡೆದೆವು. “ಎಲ್ಲಿ ಹೇಳಿಬಿಡ್ತೀಯೋ ಅಂತ ಜೀವ ಹೋಗಿತ್ತು,” ಎಂದರು. ಗೇಟಿನ ಹತ್ತಿರ ನಿಂತು, ಇನ್ನೂ ಮೆಲ್ಲಗೆ, “ಹೇಳಿಬಿಟ್ಟಿದ್ರೆ ಚೆನ್ನಾಗಿರ್ತಿತ್ತು,” ಎಂದರು.

ಮರುದಿನ ಹೋಗಿ ಕೇಳಿದೆ, ಈಗಲಾದರೂ ಹೇಳಲೇ ಎಂದು. ಬಾಗಿಲು ಪೂರ್ತಿ ತೆರೆಯಲೇ ಇಲ್ಲ. “ಏನ್ ಹೇಳೋದು? ಯಾರ ಹತ್ರ? ಹೋಗು, ನಿಂಗೆ ಬರೆಯೋ ಕೆಲಸ ಇಲ್ವಾ,” ಎಂದರು.

ಮಣ್ಣು ಅಗೆಯುವ ಯಂತ್ರ ಬಂತು. ಅದರ ಚಾಲಕ ಮುಳ್ಳುಮರವನ್ನು ಮಾತ್ರ ಮುಟ್ಟಲಿಲ್ಲ. “ಅದು ಗುಡ್ಡದೊಳಗಿನ ಜನರ ಮರ. ಕಿತ್ತೋನ ಮನೆ ಉದ್ಧಾರ ಆಗಲ್ಲ ಸ್ವಾಮಿ,” ಎಂದನಂತೆ. ಮಲಾಕಿ ಕೂಡ ತುಟಿಪಿಟಕ್ಕೆನ್ನದೆ ಮರದ ಸುತ್ತ ಕಟ್ಟೆ ಕಟ್ಟಿಸಿದ. ಕಣ್ಣಿಗೆ ಕಾಣದ ಆ ಯಕ್ಷಿಣಿ ಜನರಿಗೆ ಅಷ್ಟು ಹೆದರುತ್ತೇವೆ ನೋಡು. ಮಿಕ್ಕ ನೆಲವೆಲ್ಲ ಡಾಂಬರು. ಬಸ್ಸುಗಳು ಮರಕ್ಕೆ ಒಂದು ಸುತ್ತು ಹಾಕಿ ನಿಲ್ಲುತ್ತವೆ.

ಎಲುಬು ಸಿಗಲಿಲ್ಲ. ಅಷ್ಟು ಎಳೆಯದು ನಮ್ಮ ಹುಳಿಮಣ್ಣಿನಲ್ಲಿ ಉಳಿಯುವುದಿಲ್ಲವಂತೆ. ಆದರೆ ಎಸೆದ ಮಣ್ಣಿನ ಗುಡ್ಡೆಯಲ್ಲಿ ಮುಷ್ಟಿ ಗಾತ್ರದ ಬಿಳಿ ಕಲ್ಲುಗಳಿದ್ದವು. ಹೂತ ಜಾಗಕ್ಕೆ ಗುರುತೆಂದು ಅಪ್ಪಂದಿರು ಕದ್ದುಮುಚ್ಚಿ ಇಟ್ಟವು. ಅವನ್ನು ನನ್ನ ಶಾಲಿನಲ್ಲಿ ಕಟ್ಟಿಕೊಂಡು ನೋನಿ ಅತ್ತೆಯ ಮನೆಗೆ ಹೋದೆ. ಮೇಜಿನ ಮೇಲೆ ಸುರಿದೆ. ಒಂದೊಂದನ್ನೂ ಎತ್ತಿ, ಏಪ್ರನ್ನಿನಿಂದ ಮಣ್ಣು ಒರೆಸಿ ಇಟ್ಟರು. ಆಮೇಲೆ ನನ್ನ ಮುಖ ನೋಡಿ ಕೇಳಿದರು: “ಇದರಲ್ಲಿ ನಂದು ಯಾವುದು?”

ಹೊಸ ಪುಸ್ತಕ ಯಾವಾಗ ಎಂದು ಪ್ರಕಾಶಕರು ಕೇಳುತ್ತಿದ್ದಾರೆ. ಕೂತರೆ ಒಂದು ಸಾಲೂ ಬರುವುದಿಲ್ಲ.

ಮಂಡಿಯ ಕಡೆ ಗಮನವಿರಲಿ.

ನಿನ್ನ ತಂಗಿ,
ಯೂನಾ

ತಾ.ಕ.: ಇದನ್ನು ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ನೋನಿ ಅತ್ತೆ ಒಂದು ಕಲ್ಲು ಇಟ್ಟುಕೊಂಡು ಮಿಕ್ಕವನ್ನು ನನ್ನ ಕಡೆ ಸರಿಸಿದರು. “ಆವತ್ತು ಫೆಸ್ಟಸ್ ಜೊತೆ ಗುದ್ದಲಿ ಹಿಡ್ಕೊಂಡು ಹೋಗಿದ್ದು ನಿಮ್ಮಪ್ಪ. ಜಾಗ ಅವನಿಗೆ ಮೊದಲೇ ಗೊತ್ತಿತ್ತು. ನೀನು ಹುಟ್ಟೋ ಹಿಂದಿನ ವರ್ಷ ಅವನೂ ತನ್ನ ಕೂಸೊಂದನ್ನ ಎತ್ಕೊಂಡು ಹೋಗಿದ್ದ,” ಎಂದರು. ಆಗ ನಿನಗೆ ಐದು ವರ್ಷ. ಅಮ್ಮ ಮಲಗಿದ್ದು, ಮನೆಯಲ್ಲಿ ಯಾರೂ ಮಾತಾಡದೆ ಇದ್ದದ್ದು, ಏನಾದರೂ ನೆನಪಿದೆಯೇ? ಇದ್ದರೆ ಬರೆ. ಇಲ್ಲದಿದ್ದರೂ ಬರೆ.