ನೂರಾ ನಲವತ್ಮೂರು ಕೆಮ್ಮು

ಮಾರ್ಚ್ 3, ಗುರುವಾರ. ಸಂಜೆ 4

ಯಜಮಾನ ಕೊಡುತ್ತೇನೆ ಅಂದದ್ದು: ಕಲ್ಲು ಕೊಯ್ಯುವಾಗ ನೀರು ಹಾಯಿಸುವ ಗರಗಸ. ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್. ವರ್ಷಕ್ಕೊಮ್ಮೆ ಎದೆಯ ಸ್ಕ್ಯಾನ್.
ಕೊಟ್ಟದ್ದು: ವಾರಕ್ಕೊಂದು ಕಾಗದದ ಮಾಸ್ಕ್.
ಇಲ್ಲ ಅಂದದ್ದು: ಉಳಿದದ್ದೆಲ್ಲ.

ಇದನ್ನೇ ಇವತ್ತು ಫಿಲಿಪೋ ನಮ್ಮ ಕಾರ್ಮಿಕ ಸಂಘದ ಪಾಡ್‌ಕಾಸ್ಟಿಗೆ ಹೇಳಿದ. ನಮ್ಮೂರು ಡ್ಯಾಂಡಿನಾಂಗಿನ ಮಾರ್ಕೆಟ್ ಹಿಂದೆ, ಗ್ಲೆನಿಸ್ ಅವರ ವ್ಯಾನಿನೊಳಗೆ. ಹೊರಗಿನ ಸದ್ದು ತಡೆಯಲು ಸುತ್ತ ರಜಾಯಿ ಕಟ್ಟಿದ್ದೇವೆ, ಅದೇ ಸ್ಟುಡಿಯೋ. ಫಿಲಿಪೋ ಸಮೋವಾ ದ್ವೀಪದವನು, ಮೂವತ್ತೊಂಬತ್ತು ವಯಸ್ಸು. ಹನ್ನೊಂದು ವರ್ಷ ಅಡುಗೆಮನೆ ಕಟ್ಟೆಗಳಿಗೆ ಕಲ್ಲು ಕೊಯ್ದ. ಈಗ ಎದೆ ತುಂಬ ಕಲ್ಲಿನ ಪುಡಿ. ದುಡಿಯಲಾರ. ವಿಮೆಯವರು ಕೊಡುವ ವಾರದ ಪರಿಹಾರದಲ್ಲಿ ಮನೆ ನಡೆಯುತ್ತದೆ.

"ಕಲ್ಲು ಕೊಯ್ಯೋ ಶೆಡ್ಡೊಳಗೆ ಹೆಂಗಿರುತ್ತಪ್ಪ?" ಗ್ಲೆನಿಸ್ ಕೇಳಿದರು.

"ಹಿಟ್ಟಿನ ಗಿರಣೀಲಿ ನಿಂತಂಗೆ. ಹಿಟ್ಟು ನಮ್ಮ ಎದೇಲಿ, ಬ್ರೆಡ್ಡು ಯಜಮಾನನ ಮೇಜಿನ ಮೇಲೆ."

ನಕ್ಕ. ನಕ್ಕದ್ದಕ್ಕೆ ಎರಡು ನಿಮಿಷ ಕೆಮ್ಮಿದ.

ಮಾರ್ಚ್ 6, ಭಾನುವಾರ

ಎಡಿಟಿಂಗ್. ತೊಂಬತ್ತೊಂದು ನಿಮಿಷದ್ದು ಮೂವತ್ತೊಂದಕ್ಕೆ ಇಳಿಯಿತು. ಕೆಮ್ಮು ಎಲ್ಲೆಲ್ಲಿದೆ ಅಂತ ಮೊದಲು ಈ ಪುಟದ ಅಂಚಿನಲ್ಲಿ ಗುರುತು ಹಾಕಿಕೊಂಡೆ. 2:14. 2:50. 3:31... ಒಟ್ಟು ನೂರಾ ನಲವತ್ಮೂರು. ಎಲ್ಲಕ್ಕೂ ಕತ್ತರಿ. ಕಫ ಎಳೆಯುವ ಆ ಸದ್ದು — ಹೇಸಿಗೆ. ಬಸ್ಸಿನಲ್ಲಿ ತಿಂಡಿ ತಿನ್ನುತ್ತಾ ಯಾರು ಕೇಳುತ್ತಾರೆ? ಈಗ ನೀರಿನ ಹಾಗೆ ಹರಿಯುತ್ತಾನೆ. ಕಡಿಮೆ ಹೊತ್ತು, ಹೆಚ್ಚು ಏಟು.

ಗ್ಲೆನಿಸ್‌ಗೆ ಎಪ್ಪತ್ತು, ರೇಡಿಯೋದಲ್ಲಿ ಜೀವನ ಸವೆಸಿದವರು. ಕೇಳಿ ಮುಖ ಗಂಟಿಕ್ಕಿ, ನನ್ನ ಹೆಸರು ಹಿಡಿದು ಕರೆದರು.

"ಅವನ ಉಸಿರಾದ್ರೂ ಉಳಿಸಮ್ಮ, ಥುಯ್. ಮನುಷ್ಯ ಅಂತ ಗೊತ್ತಾಗ್ಲಿ."

"ಇದು ಹೋರಾಟ, ಗ್ಲೆನಿಸ್. ನಿಮ್ಮ ಮಧ್ಯಾಹ್ನದ ನಾಟಕ ಅಲ್ಲ."

ಬಿಡುಗಡೆಗೆ ಮುಂಚೆ ಫಿಲಿಪೋಗೆ ಹಾಕಿ ಕೇಳಿಸಲಿಲ್ಲ. ಟೈಮ್ ಇರಲಿಲ್ಲ.

ಮಾರ್ಚ್ 9, ಬುಧವಾರ

ಬಿಡುಗಡೆ. ಕಾರ್ಖಾನೆ ಕಾರ್ಖಾನೆಗಳಲ್ಲಿ ಊಟದ ಹೊತ್ತಿಗೆ ಕೇಳುತ್ತಿದ್ದಾರಂತೆ.

ಸಂಘದ ಸಭೆಯಲ್ಲಿ ನನ್ನ ನಿರ್ಣಯ: ಕಂತು ಹೊರಬಿದ್ದ ದಿನವೇ ಮೂಲ ಧ್ವನಿಮುದ್ರಣವನ್ನು ಎಲ್ಲರೂ ಅಳಿಸಬೇಕು. ಅದರಲ್ಲಿ ಇನ್ನೂ ಕೆಲಸದಲ್ಲಿರುವವರ ಹೆಸರುಗಳಿವೆ. ಯಜಮಾನನ ವಕೀಲರ ಕೈಗೆ ಸಿಗಬಾರದು. ಪರ ಐದು, ವಿರೋಧ ಒಂದು. ಆ ಒಂದು ಗ್ಲೆನಿಸ್.

ಅಳಿಸಿದೆವು.

ಮೇ 17, ಮಂಗಳವಾರ

ಫಿಲಿಪೋಗೆ ಬಂದ ವಿಮೆಯವರ ಪತ್ರ ಅವನ ಹೆಂಡತಿ ಮಲಿಯಾ ತಂದು ಮೇಜಿನ ಮೇಲಿಟ್ಟಳು.

"ಅರ್ಜಿದಾರರು ಮೂವತ್ತೊಂದು ನಿಮಿಷ ಕೆಮ್ಮದೆ, ನಿಲ್ಲಿಸದೆ, ಸ್ಪಷ್ಟವಾಗಿ ಮಾತನಾಡಬಲ್ಲರು. ಕಾಲ್ ಸೆಂಟರ್ ಕೆಲಸಕ್ಕೆ ಅರ್ಹರು. ವಾರದ ಪರಿಹಾರ ನಿಲ್ಲಿಸಲಾಗಿದೆ." ಪುರಾವೆ — ನಮ್ಮ ಪಾಡ್‌ಕಾಸ್ಟ್.

ಮೂರು ಸಲ ಓದಿದೆ. ಯಜಮಾನ ಕೊಟ್ಟ ಕಾಯಿಲೆಯನ್ನು ನಾನು ವಾಸಿ ಮಾಡಿಬಿಟ್ಟಿದ್ದೇನೆ. ಒಂದು ಭಾನುವಾರದಲ್ಲಿ. ಬಿಟ್ಟಿಯಾಗಿ.

ಮೇ 18, ಬುಧವಾರ

ಗ್ಲೆನಿಸ್ ಮನೆಗೆ ಓಡಿದೆ. "ನಿಮ್ಮ ಹತ್ರ ಮೂಲ ಇದ್ದೇ ಇರುತ್ತೆ. ನೀವು ಒಪ್ಪಿರ್ಲಿಲ್ಲವಲ್ಲ."

"ಒಪ್ಪಿರ್ಲಿಲ್ಲ. ವೋಟಲ್ಲಿ ಸೋತೆ. ಸೋತ್ಮೇಲೆ ಅಳಿಸ್ದೆ." ಟೀ ಕಪ್ಪು ನನ್ನ ಕಡೆ ತಳ್ಳಿದರು. "ಸಂಘ ಅಂದ್ರೆ ಅದೇ ಅಂತ ನೀನೇ ತಾನೇ ಹೇಳ್ಕೊಟ್ಟಿದ್ದು."

ನಾವು ಕಟ್ಟಿದ ಶಿಸ್ತು ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಗೊತ್ತಿರಲಿಲ್ಲ.

ಆಮೇಲೆ ಕೇಳಿದರು: "ಕೆಮ್ಮು ಕತ್ತರಿಸೋಕೆ ಮುಂಚೆ ಎಲ್ಲೆಲ್ಲಿದೆ ಅಂತ ಬರ್ಕೊಂಡಿದ್ಯಾ?"

ಬರೆದುಕೊಂಡಿದ್ದೇನೆ. ಇಲ್ಲೇ, ಈ ದಿನಚರಿಯ ಅಂಚಿನಲ್ಲಿ.

ಮೇ 20, ಶುಕ್ರವಾರ

ಸಂಘದ ವಕೀಲೆ: "ಪರಿಹಾರದ ವಿಚಾರಣೆ ದಿನ ಫಿಲಿಪೋ ಕೆಮ್ಮಿದ್ರೆ ನಾಟಕ ಅಂತಾರೆ. ರೆಕಾರ್ಡ್ ಮಾಡಿದಾಗ ಕೆಮ್ಮಿದ್ದಕ್ಕೆ ಆಗಿನ ಬರಹವೇ ಬೇಕು. ಹರಿದ ಹಾಳೆ ನಡೆಯಲ್ಲ. ಪೂರ್ತಿ ಪುಸ್ತಕ ಕೊಡಿ. ಇನ್ನೂ ಬರೀತಿದ್ರೆ ಅದೂ ಸೇರಿ."

ಯಾರೂ ಓದಬಾರದೆಂದು ಬರೆದದ್ದು. ಆ ಅಂಚಿನ ಪಕ್ಕದಲ್ಲೇ 'ಹೇಸಿಗೆ' ಎಂಬ ಆ ಮಾತೂ ಇದೆ.

ಮೇ 22, ಭಾನುವಾರ. ಮಧ್ಯಾಹ್ನ

ಆ ಮಾತನ್ನು ವಿಮೆಯ ವಕೀಲರ ಬಾಯಿಂದ ಫಿಲಿಪೋ ಕೇಳಬಾರದು. ಅವನ ಮನೆಗೆ ಹೋದಾಗ ಗಂಡ ಹೆಂಡತಿ ಚರ್ಚಿನಿಂದ ಬಂದು ಊಟಕ್ಕೆ ಕೂತಿದ್ದರು. ಕೆಸುವಿನ ಗಡ್ಡೆ, ತೆಂಗಿನ ಹಾಲಲ್ಲಿ ಬೆಂದ ಎಲೆ. ಮೊದಲು ಉಣ್ಣು ಅಂದರು. ತಟ್ಟೆ ಬದಿಗಿಟ್ಟೆ. ಮಾರ್ಚ್ 6ರ ಪುಟ ಓದಿದೆ, ಒಂದಕ್ಷರ ಬಿಡದೆ.

ಮಲಿಯಾಳ ಕೈಯಲ್ಲಿನ ಸೌಟು ನಿಂತಿತು.

"ಹೇಸಿಗೆ ಅಂತ ಬರ್ದಿದೀಯಾ, ಅಕ್ಕ?" ಫಿಲಿಪೋ ಕೇಳಿದ.

"ಹೂಂ."

ಕೆಮ್ಮಿದ. ತುಂಬ ಹೊತ್ತು. ಯಾರೂ ಬೇರೆ ಕಡೆ ನೋಡಲಿಲ್ಲ.

"ಇವಳೂ ಅಂತಾಳೆ. ಆದ್ರೆ ಇವಳು ಪಕ್ಕದಲ್ಲೇ ಮಲಗ್ತಾಳೆ." ಬಾಯಿ ಒರೆಸಿಕೊಂಡ. "ಕೊಡು ಪುಸ್ತಕಾನ. ಆ ಮಾತು ಹೊಡೆದು ಹಾಕ್ಬೇಡ. ಈ ಸಲ ಏನೂ ಕತ್ತರಿಸ್ಬೇಡ."

"ನನ್ನನ್ನ ಕೇಳಿದ್ದಿದ್ರೆ," ಮಲಿಯಾ ಅಂದಳು, "ಮೊದ್ಲೇ ಹೇಳ್ತಿದ್ದೆ. ಕೆಮ್ಮಿಲ್ದೆ ಇವರ ಮಾತು ನಂಗೇ ಗುರ್ತು ಸಿಗ್ಲಿಲ್ಲ."

ಐದು ಜನ ಕೈ ಎತ್ತಿದ್ದೆವು. ಅವಳನ್ನು ಯಾರೂ ಕೇಳಿರಲಿಲ್ಲ.

ಮೇ 24, ಮಂಗಳವಾರ

ನನ್ನ ನಿರ್ಣಯವನ್ನು ನಾನೇ ಹಿಂತೆಗೆದುಕೊಂಡೆ. ಹೊಸ ನಿರ್ಣಯ: ಮಾತಾಡಿದವರು ಕೇಳಿ ಒಪ್ಪದೆ ಇನ್ನು ಯಾವ ಕತ್ತರಿಯೂ ಆಡದು. ಪರ ಆರು. ನಾಳೆ ಪುಸ್ತಕ ವಕೀಲೆಯ ಕೈಗೆ.

ವಿಚಾರಣೆ ಎರಡನೇ ಮಹಡಿಯಲ್ಲಿ. ಲಿಫ್ಟ್ ಕೆಟ್ಟಿದೆಯಂತೆ. ಫಿಲಿಪೋ ಮೆಟ್ಟಿಲಿಗೊಮ್ಮೆ ನಿಲ್ಲಬೇಕು. ಒಂಬತ್ತಕ್ಕೇ ಹತ್ತಲು ಶುರುಮಾಡಿದರೆ... ಮೇ 26, ಗುರುವಾರ, ಬೆಳಿಗ್ಗೆ ಹತ್ತು ಗಂಟೆಗೆ ವಿಚಾರಣೆಯ ಬಾಗಿಲಲ್ಲಿರುತ್ತಾನೆ, ಕೆಮ್ಮಿನ ಸಮೇತ.