ಬೋರ್ಡಿನ ಮೇಲಿನ ಪೆನ್ಸಿಲ್ ಗುರುತು

೩ ಫೆಬ್ರವರಿ, ಸಂಜೆ
ಇವತ್ತೂ ಐದು ನಿಮಿಷದ ಬಾಯಿಲೆಕ್ಕ. ಸ್ಟಾಪ್‌ವಾಚ್ ಒತ್ತಿದ ಕೂಡಲೇ ಇಪ್ಪತ್ತೆರಡು ತಲೆ ಕೆಳಗೆ. ಟ್ರೈನಿಂಗ್ ಮುಗಿಸಿ ಮುಂದಿನ ವರ್ಷ ಇವರೇ ಟೀಚರುಗಳು! ಭಿನ್ನರಾಶಿ ಎಂದರೆ ಮುಖ ಬಿಳಿಚುತ್ತದೆ. ತಿಂಗಳಿಂದ ಧೈರ್ಯ ತುಂಬುತ್ತಿದ್ದೇನೆ — ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

೪ ಫೆಬ್ರವರಿ
ಕ್ಲಾಸಿನಲ್ಲಿ ಒಬ್ಬಳದೇ ಚಿಂತೆ, ನಾನು ಮನಸ್ಸಿನಲ್ಲೇ ಉದ್ದಜಡೆ ಎಂದು ಕರೆಯುವ ಹುಡುಗಿಯದು. ಶಾಲೆಯ ಮಕ್ಕಳಿಗೆ ಪಾಠ ಮಾಡಿ ತೋರಿಸುವ ಪರೀಕ್ಷೆಯಲ್ಲಿ ಎರಡು ಸಲ ಫೇಲ್. ಎರಡು ಸಲವೂ ಗಣಿತ. ಹದಿನೆಂಟಕ್ಕೆ ಕೊನೆಯ ಚಾನ್ಸು, ತಪ್ಪಿದರೆ ಕೋರ್ಸಿನಿಂದ ಹೊರಗೆ. ಅಮ್ಮ ಹೊಲಿಗೆ ಮೆಷಿನ್ ತುಳಿದು ಓದಿಸುತ್ತಿದ್ದಾರಂತೆ. ದಿನಾ ನಾಲ್ಕು ಗಂಟೆಗೆ ಬಾ ಎಂದಿದ್ದೇನೆ.

೯ ಫೆಬ್ರವರಿ
ರಿಹರ್ಸಲ್. ಉದ್ದಜಡೆ ಒಮ್ಮೆಯೂ ತಡವರಿಸಲಿಲ್ಲ. ನನಗೋ ಹೆಮ್ಮೆ. ಇನ್ನೊಮ್ಮೆ ಮಾಡು, ನಾಲ್ಕನೇ ಲೆಕ್ಕ ಮೊದಲು ಎಂದೆ. ಮೊದಲನೆಯದರ ಉತ್ತರ ಬರೆದಳು. ಹತ್ತಿರ ಹೋಗಿ ನೋಡಿದರೆ ಬೋರ್ಡಿನ ಮೇಲೆ ತೆಳ್ಳಗೆ ಪೆನ್ಸಿಲ್ಲಿನಲ್ಲಿ ಐದೂ ಉತ್ತರ, ಸಾಲಾಗಿ. ಮೈ ಉರಿದುಹೋಯಿತು. ಟೀಚರ್ ಆಗುವವಳೇ ಕಾಪಿ ಹೊಡೆಯುತ್ತೀಯಾ ಎಂದೆ. ಎಲ್ಲರೆದುರೇ.

೧೨ ಫೆಬ್ರವರಿ
ಎರಡು ದಿನ ಬಂದಿರಲಿಲ್ಲ. ಇವತ್ತು ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತಳು. ಕ್ಷಮೆ ಕೇಳುತ್ತಾಳೆ ಅಂದುಕೊಂಡೆ.

"ಮಕ್ಕಳ ಭಯ ಇಲ್ಲ ಮೇಡಂ. ಬೋರ್ಡಿನ ಕಡೆ ತಿರುಗಿದ್ರೆ ಹಿಂದಿನ ಬೆಂಚಿಂದ ನಿಮ್ಮ ವಾಚಿನ ಸದ್ದು ಕೇಳುತ್ತೆ. ಆಮೇಲೆ ಎರಡೆರಡಲ ಎಷ್ಟು ಅಂತಾನೂ ಗೊತ್ತಾಗಲ್ಲ."

ಸಿಟ್ಟು ನೆತ್ತಿಗೇರಿತು. ಅವಳಿಗಾಗಿ ಇಷ್ಟು ಒದ್ದಾಡಿದ ನನ್ನ ತಲೆ ಮೇಲೇ ಗೂಬೆ! ಹೋಗು ಎಂದೆ. ಹೋದಳು. ಮಧ್ಯಾಹ್ನವೆಲ್ಲ ಒಂದು ಪೇಪರೂ ತಿದ್ದಲಾಗಲಿಲ್ಲ.

೧೭ ಫೆಬ್ರವರಿ
ವಾಚ್ ಡ್ರಾಯರಿಗೆ ಹಾಕಿದೆ. ಬಾಯಿಲೆಕ್ಕ ಇಲ್ಲ ಎಂದಾಗ ಕ್ಲಾಸು ನಂಬಲಿಲ್ಲ. ಉದ್ದಜಡೆ ಇನ್ನೂ ನನ್ನ ಮುಖ ನೋಡುತ್ತಿಲ್ಲ.

೧೮ ಫೆಬ್ರವರಿ, ರಾತ್ರಿ
ಒದ್ದೆ ಬಟ್ಟೆಯಲ್ಲಿ ಬೋರ್ಡನ್ನು ನಾನೇ ಒರೆಸಿದೆ. ಪೆನ್ಸಿಲ್ ಗುರುತು ಇರಲಿಲ್ಲ. ಅಂಕಪಟ್ಟಿ ಹಿಡಿದು ಹಿಂದಿನ ಬೆಂಚಿನಲ್ಲಿ ಕೂತೆ, ಪರೀಕ್ಷೆಯ ರೂಲು ಅದು. ಉದ್ದಜಡೆ ಅರ್ಧವನ್ನು ಕಾಲು ಭಾಗದಿಂದ ಭಾಗಿಸಿದಳು — ಎರಡು. ಸರಿ. ಆಗ ಮುಂದಿನ ಸಾಲಿನ ಪುಟ್ಟ ಹುಡುಗಿ ಕೈಯೆತ್ತಿದಳು.

"ಭಾಗಿಸಿದ್ರೆ ಕಮ್ಮಿ ಆಗ್ಬೇಕಲ್ವಾ ಟೀಚರ್? ಜಾಸ್ತಿ ಯಾಕಾಯ್ತು?"

ಉದ್ದಜಡೆ ನನ್ನ ಕಡೆ ನೋಡಿದಳು. ಮಕ್ಕಳೂ ಹಿಂದೆ ತಿರುಗಿದರು. ಎದ್ದು ನಿಂತೆ. ತಿರುಗಿಸಿ ಗುಣಿಸಬೇಕು, ಅದು ನಿಯಮ... ಇಪ್ಪತ್ತು ವರ್ಷ ಇಷ್ಟೇ ಹೇಳಿದ್ದೇನೆ. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಕೇಳಲು ನಾನು ಬಿಟ್ಟಿರಲೂ ಇಲ್ಲ. ತಲೆಯಲ್ಲಿ ಏನೂ ಇಲ್ಲ.

"ನಂಗೂ ಗೊತ್ತಿಲ್ಲ ಪುಟ್ಟಿ. ಕಾಗದ ಮಡಚಿ ನೋಡೋಣ್ವಾ?" — ಉದ್ದಜಡೆ. ಧ್ವನಿ ನಡುಗಲಿಲ್ಲ. ನನಗೂ ಒಂದು ಹಾಳೆ ತಂದುಕೊಟ್ಟಳು. ಕೂತು ಮಡಚಿದೆ. ಅರ್ಧ ಹಾಳೆಯೊಳಗೆ ಕಾಲು ಭಾಗಗಳು ಎರಡು. ಇಷ್ಟೇ!

ಪಾಸ್ ಮಾಡಿದೆ. ಸುಮ್ಮನೆ ಅಲ್ಲ, ಗೆದ್ದಳು. ಆ ಹಾಳೆ ಇನ್ನೂ ನನ್ನ ಬ್ಯಾಗಿನಲ್ಲಿದೆ. ನಾಳೆ ಕ್ಲಾಸಿನಲ್ಲಿ ಎಲ್ಲರೆದುರೇ ಅವಳಿಗೆ ಹೇಳಬೇಕು, ಆ ದಿನ ನಾನು ಹಾಗೆ ಬೈದದ್ದು ತಪ್ಪು ಎಂದು.